ಮೆಣಸಿನಕಾಯಿ ಮನೆತನದ ರಾಗ

ವಂಶವೀಣೆಗೆ ತಂತಿಗಳಿರಲಿಲ್ಲ. ನೋಡಲು ಅದು ಇಡ್ಲಿ ಬೇಯಿಸುವ ಪಾತ್ರೆಯಂತಿತ್ತು. ಮೇಲೊಂದು ಕೊಳವೆ, ಹೊಟ್ಟೆಯ ಮೇಲೊಂದು ಹಸಿರು ದೀಪ. ಕೊಳವೆಯೊಳಗೆ ಒಂದು ಹನಿ ಜೊಲ್ಲು ಬಿದ್ದರೆ ಸಾಕು, ಯಂತ್ರ ತುಸು ಹೊತ್ತು ಗುರುಗುಟ್ಟಿ, ಗಂಟಲು ಸರಿಮಾಡಿಕೊಂಡವರಂತೆ ಕೆಮ್ಮಿ, ಒಂದು ರಾಗ ಹಾಡುತ್ತಿತ್ತು.

"ಎಲಿ ಅಡಿಕಿ ಹಾಕ್ಕೊಂಡವರು ಬಾಯಿ ತೊಳಕೊಂಡು ಬರ್ರಿ" ಎಂದು ಗುರುಸಿದ್ಧ ಮೈಕಿನಲ್ಲಿ ಹೇಳುತ್ತಿದ್ದ. "ಹೋದ ಸಲ ಒಬ್ಬ ಕಾಕಾನ ಜೊಲ್ಲಿಗೆ ಮಷಿನ್ ದಿನಪೂರ್ತಿ ಕೆಮ್ಮಿಕೋಂತ ಕುಂತಿತ್ತು."

ಗದಗದ ಆ ಕಲ್ಯಾಣ ಮಂಟಪದಲ್ಲಿ ಸೇರಿದ್ದವರೆಲ್ಲರ ಅಡ್ಡಹೆಸರು ಒಂದೇ: ಮೆಣಸಿನಕಾಯಿ. ಬ್ಯಾಡಗಿ, ಹುಬ್ಬಳ್ಳಿ, ರೋಣ, ಮುಂಡರಗಿ, ಎಲ್ಲೆಲ್ಲಿಂದಲೋ ಬಂದಿದ್ದರು. ಹುಬ್ಬಳ್ಳಿಯಿಂದ ಗದಗಕ್ಕೆ ಹಾರುಬಸ್ಸು ಬಂದಿದ್ದ ಕಾಲ ಅದು. ಆದರೂ ಕನ್ಯೆ ನೋಡಲು ಹೋದವರು ಮೊದಲು ಕೇಳುತ್ತಿದ್ದುದು ಅಡ್ಡಹೆಸರನ್ನೇ. ಹೆಸರು ಒಂದೇ ಆದರೆ ಹುಡುಗ ಹುಡುಗಿ ಅಣ್ಣ-ತಂಗಿ. ಚಹಾ ಕುಡಿದು ಸುಮ್ಮನೆ ಎದ್ದು ಬರಬೇಕು.

ಗುರುಸಿದ್ಧನದು ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ. ಊರಿನ ಮದುವೆಗಳಲ್ಲೆಲ್ಲ ಅವನದೇ ದನಿ, ಆದರೆ 'ಇವ ನಮ್ಮವ' ಎನ್ನುವ ಒಂದು ಮನೆಯೂ ಅವನಿಗಿರಲಿಲ್ಲ. ಅವನ ಅಜ್ಜ ಎಲ್ಲಿಂದಲೋ ಗದಗಕ್ಕೆ ಬಂದವನು. ಜೊತೆಗೆ ತಂದದ್ದು ಹೆಸರನ್ನು ಮಾತ್ರ. ತಂದೆತಾಯಿ ತೀರಿದ ಮೇಲೆ ಗುರುಸಿದ್ಧ ಆ ಹೆಸರನ್ನೇ ಹಿಡಿದು ಬಳಗ ಹುಡುಕಲು ಹೊರಟ. ಹೀಗೆ ಹುಟ್ಟಿದ್ದು 'ಮೆಣಸಿನಕಾಯಿ ವಂಶಾಣು ಯೋಜನೆ'. ಎಲ್ಲರಿಗೂ ಒಬ್ಬನೇ ಮೂಲಪುರುಷ ಎಂದು ಯಂತ್ರ ಹೇಳಿಬಿಟ್ಟರೆ, ಮಂಟಪ ತುಂಬ ಇದ್ದವರೆಲ್ಲ ಅವನ ರಕ್ತಸಂಬಂಧಿಗಳು!

ಯಂತ್ರ ಕಟ್ಟಿದವಳು ಧಾರವಾಡದ ಪ್ರಯೋಗಾಲಯವೊಂದರ ವಿಜ್ಞಾನಿ, ಡಾಕ್ಟರ್ ಪ್ರತೀಕ್ಷಾ. ಅವಳೂ ಮೆಣಸಿನಕಾಯಿಯೇ. ಮೊದಲ ದಿನವೇ ಗುರುಸಿದ್ಧ ಕೇಳಿದ್ದ:

"ಮೇಡಂ, ಜೊಲ್ಲಿಗೂ ರಾಗಕ್ಕೂ ಎಲ್ಲಿ ಸಂಬಂಧರಿ?"

"ಗಂಡಸರ ಮೈಯಾಗ ವೈ ಅನ್ನೋ ಒಂದು ವರ್ಣತಂತು ಇರತದ. ಅಪ್ಪನಿಂದ ಮಗಗ, ಮಗನಿಂದ ಮೊಮ್ಮಗಗ, ಹೆಚ್ಚುಕಡಿಮಿ ಇದ್ದಂಗ ಇಳೀತದ. ನಾ ಅದಕ್ಕ ಗಂಡೆಳಿ ಅಂತ ಹೆಸರಿಟ್ಟೀನಿ. ಅದರೊಳಗಿನ ಗುರುತುಗಳನ್ನ ಯಂತ್ರ ಸ್ವರ ಮಾಡತದ. ಮೂಲದ ಅಜ್ಜ ಒಬ್ಬನ ಆದರ ರಾಗನೂ ಒಂದ."

"ಹೆಣ್ಮಕ್ಕಳಿಗೆ?"

"ನಮಗ ಆ ಎಳಿ ಇಲ್ಲ. ಅಪ್ಪನ ಜೊಲ್ಲು ಕಡ ತರಬೇಕು."

"ಅಡ್ಡಹೆಸರೂ ಕಡ, ಜೊಲ್ಲೂ ಕಡ. ಎಷ್ಟು ಸಾಲರಿ ನಿಮ್ಮದು" ಎಂದಿದ್ದ ಗುರುಸಿದ್ಧ. ಅವಳು ನಕ್ಕ ನಗೆಗೆ ಮೇಜಿನ ಮೇಲಿನ ಗಾಜಿನ ನಳಿಕೆಗಳು ಅಲುಗಾಡಿದ್ದವು.

ಅಂದಿನಿಂದ ಇಬ್ಬರೂ ಊರೂರು ಅಲೆದು ಮೆಣಸಿನಕಾಯಿಗಳನ್ನು ಹುಡುಕಿದರು. ಹೋದಲ್ಲೆಲ್ಲ ಹೋಳಿಗೆ, ಹೋದಲ್ಲೆಲ್ಲ ಅದೇ ಮಾತು: "ಅಣ್ಣ-ತಂಗಿ ಕೂಡಿ ಭಾಳ ಚಂದ ಕೆಲಸ ಹಿಡದೀರಿ." ಆ ಮಾತು ಕೇಳಿದಾಗೆಲ್ಲ ಗುರುಸಿದ್ಧ ಅರ್ಧ ತಿಂದ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಏಕೆಂದು ಅವನು ಯೋಚಿಸಲಿಲ್ಲ. ಅಣ್ಣನಾದವನು ಯೋಚಿಸಬಾರದ ಸಂಗತಿ ಅದು.

ಈಗ ಮಂಟಪದಲ್ಲಿ ಮೊದಲ ಹನಿ ಬ್ಯಾಡಗಿಯ ಹಿರಿಯರದು. ಯಂತ್ರ ಜೋಗುಳದಂಥ ರಾಗ ತೆಗೆಯಿತು. ಹುಬ್ಬಳ್ಳಿಯವರ ಹನಿ ಬಿದ್ದೊಡನೆ ಬ್ಯಾಂಡ್ ಬಾಜಾದಂತೆ ಕುಣಿಯಿತು. ರೋಣದವರದು ಹಾಲು ಉಕ್ಕುವಂಥ ಸದ್ದು. ಪ್ರತೀಕ್ಷಾ ಕಡ ತಂದಿದ್ದ ಅಪ್ಪನ ಹನಿಗೆ ಇನ್ನೊಂದೇ ರಾಗ.

"ಮಷಿನ್ ಕೆಟ್ಟೈತಿ" ಎಂದರು ಯಾರೋ. ಕೆಟ್ಟಿರಲಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಒಂದೇ ರಾಗ ಬಂತು. ಮುಂಡರಗಿಯವರದು ರೋಣದವರಿಗೆ ತಾಳೆಯಾಯಿತು. ಉಳಿದಂತೆ ಊರಿಗೊಂದು ರಾಗ.

"ನಾವ ಅಸಲ್ ಮೆಣಸಿನಕಾಯಿ" ಎಂದರು ಬ್ಯಾಡಗಿಯವರು ಎದ್ದುನಿಂತು. "ನೀವೆಲ್ಲ ದೊಣ್ಣಮೆಣಸಿನಕಾಯಿ."

"ಹೌದ್ರಿ, ನಿಮ್ಮದು ಬರೇ ಬಣ್ಣ, ಖಾರ ಎಲ್ಲೈತಿ?" ಎಂದರು ಹುಬ್ಬಳ್ಳಿಯವರು.

ಪ್ರತೀಕ್ಷಾ ಮೈಕ್ ತೆಗೆದುಕೊಂಡಳು. "ಯಾರೂ ನಕಲಿ ಅಲ್ಲರಿ. ಮೆಣಸಿನಕಾಯಿ ಬೆಳದವರಿಗೆ, ಮಾರಿದವರಿಗೆ, ಬಹುಶಃ ಬರೇ ಮೂಗಿನ ತುದೀಗೆ ಸಿಟ್ಟಿದ್ದವರಿಗೂ ಊರವರು ಈ ಹೆಸರಿಟ್ಟಾರ. ಹೆಸರು ಒಂದ, ಅಜ್ಜಂದಿರು ಹತ್ತಾರು ಮಂದಿ."

ಕೊನೆಗೆ ಗುರುಸಿದ್ಧನ ಸರದಿ. ಅವನ ರಾಗ ತೆಳ್ಳಗೆ, ಒಂಟಿ ಕೊಳಲಿನಂತೆ ಬಂತು. ಯಾರ ರಾಗಕ್ಕೂ ಅದು ಕೂಡಲಿಲ್ಲ. ಅವನು ಸ್ಪೀಕರಿನ ದನಿ ಏರಿಸಿದ, ಹೊರಗೆ ರಸ್ತೆಯಲ್ಲಿ ಹೋಗುವ ಯಾರಾದರೂ ಓಗೊಟ್ಟಾರು ಎನ್ನುವಂತೆ. ಆಮೇಲೆ ಯಂತ್ರವನ್ನು ತಾನೇ ಆರಿಸಿ, ತನ್ನದೇ ಸ್ಪೀಕರಿನ ಪೆಟ್ಟಿಗೆಯ ಮೇಲೆ ಕುಳಿತ.

ಪ್ರತೀಕ್ಷಾ ಬಂದು ಪಕ್ಕದಲ್ಲಿ ಕುಳಿತಳು. "ನಿಮ್ಮ ರಾಗ ನಮ್ಮಪ್ಪನ ರಾಗಕ್ಕ ಕೂಡಲಿಲ್ಲ."

"ಯಾರಿಗೂ ಕೂಡಲಿಲ್ಲರಿ ಮೇಡಂ."

"ಯಾರದೂ ಬ್ಯಾಡ. ನಮ್ಮಪ್ಪಗ ಕೂಡಲಿಲ್ಲ ಅಂದೆ."

"ಅದನ್ನ ಮತ್ತ ಮತ್ತ ಹೇಳಬ್ಯಾಡ್ರಿ, ಹೊಟ್ಟಿ ಉರೀತೈತಿ" ಎಂದ ಗುರುಸಿದ್ಧ. ಪ್ರತೀಕ್ಷಾ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ರೋಣದ ಒಬ್ಬ ಅಜ್ಜಿ, ತನಗೇ ಹೇಳಿಕೊಳ್ಳುವಂತೆ, ಆದರೆ ಮಂಟಪಕ್ಕೆಲ್ಲ ಕೇಳುವಂತೆ ಅಂದಳು: "ಹಂಗಾರ ಹುಬ್ಬಳ್ಳಿಯವರ ಹುಡುಗ ನಮ್ಮ ಹುಡುಗಿಗೆ ಅಣ್ಣ ಅಲ್ಲ?"

ಮರುಕ್ಷಣ ಕುರ್ಚಿಗಳು ಎದುರುಬದುರಾದವು. ಎಲ್ಲರನ್ನೂ ಒಂದು ಮಾಡಲು ಬಂದಿದ್ದ ಯಂತ್ರದ ಮುಂದೆ, ತಾವು ಬೇರೆ ಬೇರೆ ಎಂದು ಖಾತ್ರಿ ಮಾಡಿಕೊಳ್ಳುವವರ ಸಾಲು ಬೆಳೆಯಿತು. ರಾಗ ಕೂಡದಿದ್ದರೆ ಚಪ್ಪಾಳೆ, ಕೂಡಿದರೆ "ಛೇ". ಒಳ್ಳೆಯ ಸಂಬಂಧಗಳನ್ನು ಬಾಗಿಲಿಂದಲೇ ಹಿಂದೆ ಕಳಿಸಿದ್ದ ತಂದೆಯರು ಈಗ ಒಬ್ಬರಿಗೊಬ್ಬರು ಚಹಾ ತಂದುಕೊಟ್ಟರು.

"ಯಾರಿಗೂ ಕೂಡದ ರಾಗ ಒಂದು ಬಂತಲ್ಲ, ಆ ಹುಡುಗ ಎಲ್ಲಿ?" ಎಂದರು ಯಾರೋ. ಎಲ್ಲ ಮನೆಗೂ ಸಲ್ಲುವ ವರ ಅವನೊಬ್ಬನೇ ಎಂದು ಆಗ ಹೊಳೆಯಿತು. ಎಡತೋಳನ್ನು ಬ್ಯಾಡಗಿ, ಬಲತೋಳನ್ನು ಹುಬ್ಬಳ್ಳಿ ಹಿಡಿದು ಜಗ್ಗತೊಡಗಿದವು.

"ಸರೀರಿ, ಸರೀರಿ" ಎನ್ನುತ್ತ ಪ್ರತೀಕ್ಷಾಳ ತಾಯಿ ರತ್ನವ್ವ ನುಗ್ಗಿ ಬಂದಳು. "ನನ್ನ ಮಗಳು ಇಷ್ಟು ದಿನ ಊರೂರು ತಿರುಗಿದ್ದು ಬರೇ ಜೊಲ್ಲಿನ ಸಲುವಾಗಿ ಅಂತ ತಿಳಕೊಂಡೀರೇನು?"

"ಕಾಕು, ನಾ..." ಎಂದ ಗುರುಸಿದ್ಧ, ಚಿಕ್ಕಮ್ಮನನ್ನು ಕರೆಯುವ ಅಭ್ಯಾಸದಲ್ಲೇ.

"ಕಾಕು ಅಲ್ಲ, ಅತ್ತಿ. ಹೂಂ ಅಂತೀಯೋ, ಇಲ್ಲೋ?"

ಗುರುಸಿದ್ಧ ಪ್ರತೀಕ್ಷಾಳ ಕಡೆ ನೋಡಿದ. "ಇದನ್ನೂ ಮಷಿನ್ ಹೇಳಬೇಕೇನು?" ಎಂದಳು ಅವಳು. ಅವನು "ಹೂಂ" ಎಂದದ್ದು ಮೈಕಿನಲ್ಲಿ ಬಿದ್ದು ಬೀದಿಗೆಲ್ಲ ಕೇಳಿಸಿತು.

"ಮದುವಿ ಮಾತಿಗೆ ಹುಡುಗನ ಕಡೆಯವರು ಯಾರ‍್ರಿ?" ಎಂದರು ರೋಣದವರು. ಗುರುಸಿದ್ಧ ಮೈಕಿನ ವೈರು ಸುತ್ತತೊಡಗಿದ.

ಬ್ಯಾಡಗಿಯ ಹಿರಿಯರು ರುಮಾಲು ಸರಿಮಾಡಿಕೊಂಡು ಅವನ ಹಿಂದೆ ಹೋಗಿ ನಿಂತರು. "ಯಾಕ, ನಾವಿಲ್ಲೇನು? ನಾವೂ ಮೆಣಸಿನಕಾಯಿಗಳ."

"ನಾವೇನು ಬದನೀಕಾಯಿಗಳೇ?" ಎನ್ನುತ್ತ ಹುಬ್ಬಳ್ಳಿಯವರೂ ದಾಟಿದರು. ರೋಣ, ಮುಂಡರಗಿ, ಕೊನೆಗೆ ಪ್ರತೀಕ್ಷಾಳ ಸ್ವಂತ ಚಿಕ್ಕಪ್ಪಂದಿರೂ ನಗುತ್ತ ಅತ್ತ ಸರಿದರು. ಬೀಗರೂಟದ ಮರ್ಯಾದೆ ಹುಡುಗನ ಕಡೆಗೇ ಜಾಸ್ತಿಯಲ್ಲವೇ.

ಬರಿದಾದ ತನ್ನ ಪಕ್ಕವನ್ನು ನೋಡಿ ರತ್ನವ್ವ ಸೊಂಟದ ಮೇಲೆ ಕೈಯಿಟ್ಟಳು.

"ದಿಕ್ಕಿಲ್ಲದ ಹುಡುಗ ಅಂತ ಹೆಣ್ಣು ಕೊಡಾಕ ಬಂದೆ" ಎಂದಳು. "ಈ ದಂಡಿಗೆ ಬಡಸವರು ಯಾರೋ ಅಳಿಯಪ್ಪಾ?"