ಮೇಷ್ಟ್ರ ಮೈಕ್ರೋಸ್ಕೋಪು

ನಾನು ಶಾಲೆಯ ಪ್ರಯೋಗಾಲಯದಲ್ಲಿ ಗಾಜು ತೊಳೆಯುವವಳು. ಇಲ್ಲದ್ದನ್ನು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ನಮ್ಮಲ್ಲಿದ್ದದ್ದು ಒಂದೇ ಮೈಕ್ರೋಸ್ಕೋಪು. ನೋಟ ಸ್ಪಷ್ಟ ಮಾಡುವ ಅದರ ಸಣ್ಣ ತಿರುಪು ಹಳೆಯ ಮೇಷ್ಟ್ರ ಕೈಗೆ ಮಾತ್ರ ಬಗ್ಗುತ್ತಿತ್ತು. ಅವರು ತೀರಿಕೊಂಡು ವರ್ಷವಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ನಾನು ಈರುಳ್ಳಿಯ ಪೊರೆ ಸುಲಿದು ಕೆಂಪು ಬಣ್ಣದ ನೀರಿದ್ದ ಬಟ್ಟಲಿಗೆ ಹಾಕಿದೆ. ಹೊಸ ಟೀಚರ್ ಅಳುವುದೊಂದು ಬಾಕಿ.

"ಅಕ್ಕಾ, ಜೀವಕೋಶ ಕಾಣದಿದ್ರೆ ಹನ್ನೆರಡು ಮಕ್ಕಳೂ ಫೇಲು!"

"ಕಾಣುತ್ತೆ ಬಿಡಿ. ನೀವು ಮುಖ ತೊಳ್ಕೊಂಡು ಪರೀಕ್ಷಕರನ್ನ ಕರ್ಕೊಂಡು ಬನ್ನಿ."

ಗಡಿಬಿಡಿಯಲ್ಲಿ ಗಾಜಿನ ಪಟ್ಟಿ ಇಟ್ಟು, ಕ್ಲಿಪ್ಪು ಒತ್ತಿ, ತಮಾಷೆಗೆ ಕೂಗಿದೆ: "ಮೇಷ್ಟ್ರೇ, ಸ್ವಲ್ಪ ಕೈ ಹಾಕಿ!"

ತಿರುಪು ಕಿರ್ರೆಂದು ತಾನಾಗಿ ತಿರುಗಿತು.

ಕಣ್ಣಿಟ್ಟೆ. ಕೋಣೆ ತಣ್ಣಗಿದ್ದರೂ ಮೇಲಿನ ಮಸೂರ ಬೆಚ್ಚಗಿತ್ತು, ಯಾರೋ ಈಗಷ್ಟೇ ನೋಡಿ ಎದ್ದ ಹಾಗೆ. ಒಳಗೆ ಇಟ್ಟಿಗೆ ಜೋಡಿಸಿದಂತೆ ಜೀವಕೋಶಗಳು, ಒಂದೊಂದರಲ್ಲೂ ಕೆಂಪು ಚುಕ್ಕೆಯಂಥ ಕೋಶಕೇಂದ್ರ.

ಮಕ್ಕಳು ಒಬ್ಬೊಬ್ಬರಾಗಿ ಬಗ್ಗಿ ನೋಡಿ, ಕೋಶಭಿತ್ತಿಯಿಂದ ಹಿಡಿದು ಎಲ್ಲವನ್ನೂ ಬಿಡಿಸಿದರು. "ಅಯ್ಯೋ, ಇದು ಬೆಚ್ಚಗಿದೆ!" ಎಂದು ಒಬ್ಬಳು ಕಿಲಕಿಲ ನಕ್ಕಳು. ಹನ್ನೆರಡೂ ಪಾಸು! ಟೀಚರ್ ನನ್ನನ್ನು ತಬ್ಬಿ ಗಿರಗಿರ ತಿರುಗಿಸಿದರು.

ಎಲ್ಲರೂ ಹೋದ ಮೇಲೆ, ನಗುತ್ತಲೇ ತೊಳೆಯಲು ನಿಂತೆ. ಈರುಳ್ಳಿಯ ಪೊರೆ ಬಟ್ಟಲಲ್ಲೇ ತೇಲುತ್ತಿತ್ತು. ಅದನ್ನು ಗಾಜಿನ ಮೇಲೆ ಇಡುವುದನ್ನೇ ಮರೆತಿದ್ದೆ. ಮೈಕ್ರೋಸ್ಕೋಪಿನಿಂದ ಗಾಜು ತೆಗೆದು ಬೆಳಕಿಗೆ ಹಿಡಿದೆ.

ಅದರಲ್ಲಿ ತೊಳೆಯುವಂಥದ್ದು ಏನೂ ಇರಲಿಲ್ಲ.