ಮೃದುಲಾ ಮದುವೆ ಆಗಬಾರದು ಅಂದವನು

"ಸುಳ್ಳು."

ಬಾಗಿಲ ಕಡೆಯಿಂದ ಬಂದ ಆ ಒಂದು ಮಾತಿಗೆ ಸುಕನ್ಯಾಳ ಕಥೆ ಅರ್ಧಕ್ಕೇ ನಿಂತಿತು.

ಭಾಗ್ಯನಗರದ ಕೂದಲು ಬಿಡಿಸುವ ಶೆಡ್ಡು ಅದು. ಊರೂರಿನಿಂದ ಮೂಟೆ ಕಟ್ಟಿ ಬರುವ ಕೂದಲ ಉಂಡೆಗಳನ್ನು ಹೆಂಗಸರು ಸಾಲಾಗಿ ಕೂತು ದಬ್ಬಳದಿಂದ ಎಳೆ ಎಳೆಯಾಗಿ ಬಿಡಿಸುತ್ತಾರೆ. ಕೈತುಂಬ ಕೆಲಸ, ಕಿವಿ ಖಾಲಿ. ಹಿಂದಿನ ಸಂಜೆಯ ಧಾರಾವಾಹಿಯನ್ನು ಒಬ್ಬರು ಹೇಳಬೇಕು, ಉಳಿದವರು ಕೇಳಬೇಕು. ಇದು ಅಲ್ಲಿಯ ರೂಢಿ. ಸುಕನ್ಯಾ ಕೆಲಸಕ್ಕೆ ಸೇರಿದ ಮೇಲೆ ಹೇಳುವ ಪಾಳಿ ಅವಳದೇ ಆಗಿತ್ತು.

"ಏನ್ ಸುಳ್ಳೋ ತಮ್ಮಾ?" ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಲಾಲಬೀ ಕೇಳಿದಳು.

ಬೆನ್ನ ಮೇಲೆ ಮೂಟೆ ಹೊತ್ತು ನಿಂತಿದ್ದವನು ಕಾಶಿನಾಥ. ಗೂಡ್ಸ್ ಆಟೋದಲ್ಲಿ ಗಂಗಾವತಿ, ಕುಷ್ಟಗಿ ಕಡೆಯಿಂದ ಮಾಲು ತರುವವನು, ಹೊಸಬ.

"ಡಾಕ್ಟರ್ ಪ್ರಣವ ಸತ್ತ ಅಂದ್ರಲ್ರಿ ಅವರು. ಅವ ಸಾಯಂಗಿಲ್ಲ. ಹೆಣ ತೋರಿಸಿಲ್ಲ ಅಂದ್ರ ಸತ್ತಿಲ್ಲ ಅಂತನ ಅರ್ಥ. ನಾ ನೋಡೋ ಸೂಪರ್‌ಹೀರೋ ಪಿಚ್ಚರಿನಾಗೂ ಹಿಂಗ."

ಸುಕನ್ಯಾಳ ಮುಖ ಬಿಸಿಯಾಯಿತು.

"ಸತ್ತ ಅಂತ ನಾ ಎಲ್ಲಿ ಅಂದೀನ್ರಿ? ಕಾರು ಹೊಳಿಗಿ ಬಿತ್ತು ಅಂದೆ. ಪೂರಾ ಕೇಳದ ಮಾತಾಡೋದು ನಿಮ್ಮ ಪಿಚ್ಚರಿನಾಗ ಕಲಿಸ್ತಾರೇನು?"

ಹೆಂಗಸರೆಲ್ಲ ಗೊಳ್ಳೆಂದರು. ಅವನೂ ನಕ್ಕ. ಸುಕನ್ಯಾ ಮಾತ್ರ ಕೈಯಲ್ಲಿದ್ದ ಕೂದಲ ಉಂಡೆಯ ಮೇಲೆ ತಲೆ ಬಗ್ಗಿಸಿದಳು. 'ಜಾಸ್ತಿ ಮಾತಾಡಿಬಿಟ್ನೇನು... ಮೊದಲನೇ ಸಲ ನೋಡಿದ ಗಂಡಸಿಗೆ...'

ಅವಳು ಹೀಗೇ. ಮಾತು ಬಾಯಿಂದ ಹೊರಬಿದ್ದ ಕ್ಷಣವೇ ಅದನ್ನು ತೂಕಕ್ಕಿಟ್ಟು ನೋಡುವವಳು. ಎರಡು ವರ್ಷ ಯಲಬುರ್ಗಾದ ಗಂಡನ ಮನೆಯಲ್ಲಿ ಅವಳು ಏನೇ ಅಂದರೂ "ನಿನ್ನ ಕೇಳಿದವರ‍್ಯಾರು?" ಎಂಬ ಉತ್ತರವೇ ಬರುತ್ತಿತ್ತು. ಕೊನೆಗೆ ಕೇಳುವುದನ್ನೂ ಹೇಳುವುದನ್ನೂ ಬಿಟ್ಟಿದ್ದಳು. ಒಂದು ದಿನ ಆ ಮನೆಯನ್ನೇ ಬಿಟ್ಟು ಬಂದಳು. ಕೋರ್ಟಿನಲ್ಲಿ ಎಲ್ಲ ಮುಗಿದ ಮೇಲೆ ಹಗಲು ಈ ಶೆಡ್ಡು, ಇಳಿಹೊತ್ತಿಗೆ ಸಂಜೆ ಕಾಲೇಜು, ಮನೆಗೆ ಬಂದು ಮೊಬೈಲಿನಲ್ಲಿ ಧಾರಾವಾಹಿ.

ಶೆಡ್ಡಿನಲ್ಲಿ ಮಾತ್ರ ಕಥೆ ಮುಗಿದೊಡನೆ ಯಾರಾದರೂ ಕೇಳುತ್ತಿದ್ದರು: "ನಿನಗ ಏನ್ ಅನಸ್ತೈತಿ ಸುಕನ್ಯಾ?"

ಆ ಪ್ರಶ್ನೆಗಾಗಿಯೇ ಅವಳು ಬರುತ್ತಿದ್ದಳು ಎಂದರೂ ತಪ್ಪಿಲ್ಲ.

ಮಾರನೆಯ ದಿನದಿಂದ ಕಾಶಿನಾಥನೂ ಧಾರಾವಾಹಿ ನೋಡಿಕೊಂಡೇ ಬರತೊಡಗಿದ. ಮೂಟೆ ಇಳಿಸಿದ ಮೇಲೂ ಹೋಗುತ್ತಿರಲಿಲ್ಲ. ಅವಳು ಒಂದು ಅಂದರೆ ಅವನು ಇನ್ನೊಂದು ಅನ್ನಬೇಕು. ಒಮ್ಮೆ ಊಟದ ಹೊತ್ತಿನಲ್ಲಿ ತನ್ನ ಮೊಬೈಲಿನಲ್ಲಿ ಸೂಪರ್‌ಹೀರೋ ಸಿನಿಮಾ ಹಾಕಿ ಅವಳ ಮುಂದಿಟ್ಟ. ಸುಕನ್ಯಾ ರೊಟ್ಟಿ ಮುರಿಯುತ್ತ ನೋಡಿದಳು.

"ಹೆಂಗೈತ್ರಿ?"

"ಊರು ಉಳಿಸಿದ, ಖರೆ. ಆದ್ರ ಹೊಡದಾಡಕೋಂತ ಎಷ್ಟು ಅಂಗಡಿ ಕೆಡವಿದ ನೋಡ್ರಿ. ಆ ಅಂಗಡಿಯವರಿಗೆ ಯಾರು ಕಟ್ಟಿಸಿ ಕೊಡ್ತಾರ?"

ಕಾಶಿನಾಥ ಆ ದೃಶ್ಯವನ್ನು ಹಿಂದಕ್ಕೆಳೆದು ಇನ್ನೊಮ್ಮೆ ನೋಡಿದ. "ಇಷ್ಟು ವರ್ಷ ನೋಡಾಕತ್ತೀನಿ, ಆ ಅಂಗಡಿಯವರು ನನಗ ಕಂಡಿದ್ದಿಲ್ರಿ."

ಇನ್ನೊಂದು ದಿನ ಅವನು ಬಾಗಿಲ ಮೆಟ್ಟಿಲ ಮೇಲೆ ಕೂತು ಗೇಮ್ ಆಡುತ್ತಿದ್ದ. ಪರದೆಯ ಮೇಲಿನ ಸೈನಿಕ ಸತ್ತು, ಮತ್ತೆ ಎದ್ದು ಓಡಿದ.

"ಇದು ನ್ಯಾಯ ಅಲ್ಲ ಬಿಡ್ರಿ," ಎಂದಳು ಸುಕನ್ಯಾ. "ಸೋತವಗ ಮತ್ತೊಂದು ಆಟ ಸಿಗತೈತಿ ಅಂದ್ರ ಯಾರರ ಯಾಕ ಹೆದರ‍್ತಾರ?"

"ಹೆದರಬ್ಯಾಡ್ರಿ ಅಂತನ ಕೊಟ್ಟಾರ," ಎಂದ ಅವನು, ತಲೆ ಎತ್ತದೆ.

ಆ ಮಾತನ್ನು ಅವಳು ಕಾಲೇಜಿನ ಬೆಂಚಿನವರೆಗೂ ಒಯ್ದಳು. ತನಗೇ ಹೇಳಿದ್ದಿರಬಹುದೇ? ಅಲ್ಲವೇ? ಹೀಗೆ ಯೋಚಿಸುವುದೇ ತಪ್ಪೇ? ಮೇಷ್ಟ್ರು ಹೇಳಿದ ಪಾಠ ಒಂದೂ ತಲೆಗೆ ಹೋಗಲಿಲ್ಲ.

ಆಮೇಲೆ ಆ ಮಂಗಳವಾರ ಬಂತು.

ಧಾರಾವಾಹಿಯಲ್ಲಿ ನಾಯಕಿ ಮೃದುಲಾಗೆ ಗಂಡನಿಂದ ಬಿಡುಗಡೆ ಸಿಕ್ಕಿತ್ತು. ಹೊಳೆಗೆ ಬಿದ್ದರೂ ಬದುಕಿ ಬಂದ ಡಾಕ್ಟರ್ ಪ್ರಣವ ಮೊದಲಿನಿಂದಲೂ ಅವಳ ಹಿಂದೆ ಇದ್ದ. ಸುಕನ್ಯಾ ಕಥೆ ಮುಗಿಸಿ, ಕೂದಲ ಎಳೆಯ ಮೇಲೆ ಕಣ್ಣಿಟ್ಟು, ಮೆಲ್ಲಗೆ ಅಂದಳು:

"ಮೃದುಲಾ ಡಾಕ್ಟರನ್ನ ಮದುವಿ ಆದ್ರ ಛಲೋ ಅಂತ ನನಗ ಅನಸ್ತೈತಿ."

"ಆಗಬಾರದು." ಕಾಶಿನಾಥ ಥಟ್ಟನೆ ಅಂದ. "ಆಕಿ ಮದುವಿ ಆಗಬಾರದ್ರಿ. ಆದ್ರ ಕಥಿ ಕೆಡತೈತಿ."

ಅಷ್ಟರಲ್ಲಿ ಹೊರಗೆ ಯಾರೋ ಆಟೋ ತೆಗೆಯಲು ಕೂಗಿದರು. ಅವನು ಹೊರಟುಹೋದ.

ಸುಕನ್ಯಾಳ ಕೈಯಲ್ಲಿದ್ದ ದಬ್ಬಳ ಬೆರಳಿಗೆ ಚುಚ್ಚಿತು. ಅವಳು ಬೆರಳನ್ನು ನೋಡಲೂ ಇಲ್ಲ.

'ಆಕಿ ಮದುವಿ ಆಗಬಾರದು...'

ಗಂಡನನ್ನು ಬಿಟ್ಟವಳು ಮತ್ತೆ ಮದುವೆಯಾದರೆ ಕಥೆ ಕೆಡುತ್ತದೆ. ಅವನ ಮನಸ್ಸಿನಲ್ಲಿರುವುದು ಇದೇ ಹಾಗಾದರೆ! ತಾನೇ ಏನೇನೋ ಕಟ್ಟಿಕೊಂಡಿದ್ದಳು. ಅವನು ವಾದ ಮಾಡಲು ಬಂದ, ಅಷ್ಟೇ. 'ಯಾಕ' ಎಂದು ಒಂದು ಮಾತು ಕೇಳಬಹುದಿತ್ತು. ಆದರೆ ಕೇಳುವ ಧೈರ್ಯವನ್ನು ಯಲಬುರ್ಗಾದಲ್ಲೇ ಕಳೆದುಕೊಂಡಿದ್ದಳು.

ಮರುದಿನ ಅವಳು ಕಥೆ ಹೇಳಲಿಲ್ಲ. ಗಂಟಲು ನೋವು ಎಂದಳು. ಅದರ ಮರುದಿನವೂ ಹೇಳಲಿಲ್ಲ. ಅಷ್ಟು ಹೆಂಗಸರು ಕೂತ ಶೆಡ್ಡಿನಲ್ಲಿ ಕೂದಲು ಜಗ್ಗುವ ಸರಸರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಾಶಿನಾಥ ಮೂಟೆ ಇಳಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಹೋಗುತ್ತಿದ್ದ.

ಇದೇ ಹೊತ್ತಿಗೆ ದೂರದ ಸಂಬಂಧಿ ಗಾಳೆಮ್ಮ ಮನೆಗೆ ಬಂದಳು.

"ಇರಕಲ್ಲಗಡದಾಗ ಒಂದು ಸಂಬಂಧ ಐತಿ. ಹೆಂಡ್ತಿ ತೀರಿಕೊಂಡಾಳ, ಎರಡು ಮಕ್ಕಳು. ಬಿಟ್ಟು ಬಂದಾಕಿಗೆ ಬಾಳು ಕೊಡಾಕ ಒಪ್ಯಾನ ಅಂದ್ರ ಅವಂದು ದೊಡ್ಡ ಮನಸು. ಆದಿತ್ವಾರ ಬರ‍್ತಾರ."

ತಾಯಿ ಫಕೀರಮ್ಮ ಮಗಳ ಮುಖ ನೋಡಿದಳು. "ನೀ ಏನ್ ಅಂತೀ?"

"ನಿಮಗ ತಿಳಿದಂಗ ಮಾಡ್ರಿ," ಎಂದಳು ಸುಕನ್ಯಾ. ಹೇಳಿ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಸುದ್ದಿ ಶೆಡ್ಡಿಗೂ ಬಂತು. ಲಾಲಬೀ ಅದನ್ನು ಬಾಗಿಲಲ್ಲಿ ನಿಂತಿದ್ದವನ ಕಿವಿಗೂ ಹಾಕಿದಳು. ಕಾಶಿನಾಥನ ಮುಖ ಸಣ್ಣದಾಯಿತು. ಅವನು ಹೊರಗೆ ಹೋಗಲಿಲ್ಲ. ತಂದ ಮೂಟೆಯ ಮೇಲೇ ಕೂತುಬಿಟ್ಟ.

"ಇವತ್ತ ಕಥಿ ನಾ ಹೇಳ್ತೀನ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಕನ್ಯಾಳ ಕೈ ನಿಂತಿತು, ಕಣ್ಣು ಮೇಲೇಳಲಿಲ್ಲ.

ಅವನಿಗೆ ಹೇಳಲು ಬರುತ್ತಿರಲಿಲ್ಲ. ಅತ್ತೆಯ ಮಾತನ್ನು ನಾದಿನಿಯ ಬಾಯಲ್ಲಿ ಹಾಕಿದ, ಆಸ್ಪತ್ರೆಯಲ್ಲಿ ನಡೆದದ್ದನ್ನು ಗುಡಿಗೆ ಒಯ್ದ. "ಏ, ಇದಕ್ಕಿಂತ ಕರೆಂಟ್ ಹೋದ ಟೀವಿ ಛಲೋ," ಎಂದು ಸಾಲಿನ ತುದಿಯಲ್ಲಿ ಕೂತಿದ್ದ ಮಾರೆವ್ವ ಗೊಣಗಿದಳು.

"ಕೇಳ್ರಿಲ್ಲೆ. ನಿನ್ನೆ ಡಾಕ್ಟರ್ ಏನಂದ? 'ನಾನು ನಿನಗೆ ಹೊಸ ಬಾಳು ಕೊಡ್ತೀನಿ ಮೃದುಲಾ' ಅಂದ. ಮೊದಲಿಂದನೂ ಅವಂದು ಇದ ಮಾತು. ಅದಕ್ಕ ನಾ ಅವತ್ತ ಅಂದಿದ್ದು, ಆಕಿ ಅವನ್ನ ಮದುವಿ ಆಗಬಾರದು ಅಂತ."

"ಗಂಡನ್ನ ಬಿಟ್ಟಾಕಿ ಅಂತ ಅಂದೀ ಅನ್ಕೊಂಡಿದ್ವಿ," ಎಂದಳು ಲಾಲಬೀ, ನೇರವಾಗಿ.

ಕಾಶಿನಾಥ ಬೆಚ್ಚಿ ಅವಳನ್ನು ನೋಡಿದ. ಆಮೇಲೆ ಸುಕನ್ಯಾಳ ಬಾಗಿದ ತಲೆಯನ್ನು ನೋಡಿದ. ಅಷ್ಟು ದಿನದ ಮೌನ ಏಕೆಂದು ಅವನಿಗೆ ಆಗ ಅರ್ಥವಾಯಿತು.

"ಇಲ್ರಿ..." ಅವನು ಅವಸರದಿಂದ ಅಂದ. "ಬಾಳು ಅವ ಏನ್ ಕೊಡ್ತಾನ್ರಿ? ಆಕಿಗೆ ಬಾಳು ಇಲ್ಲೇನು? ಹೊಂದದ ಮನಿ ಬಿಟ್ಟು ಬಂದಾಳ. ಹಗಲೆಲ್ಲ ದುಡೀತಾಳ. ಸಂಜಿಕೆ ಓದಾಕ ಹೊಕ್ಕಾಳ. ತನಗ ಅನಿಸಿದ್ದು ನಾಲ್ಕು ಮಂದಿ ಮುಂದ ಹೇಳ್ತಾಳ. ಅದು ಬಾಳಲ್ಲೇನು?"

"ಮೃದುಲಾ ಯಾವಾಗ ಓದಾಕ ಹೋದಳೋ?" ಎಂದಳು ಮಾರೆವ್ವ.

ಹೆಂಗಸರೆಲ್ಲ ಸುಕನ್ಯಾಳ ಕಡೆ ತಿರುಗಿದರು. ಆಮೇಲೆ ಲಾಲಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೋ ಕಿಸಕ್ಕನೆ ನಕ್ಕರು. ಕಾಶಿನಾಥ ಕಿವಿಯವರೆಗೆ ಕೆಂಪಾಗಿ ಎದ್ದು ಹೊರಗೆ ಹೋದ.

ಸುಕನ್ಯಾಳ ಕಣ್ಣು ತುಂಬಿ ಎಳೆಗಳೆಲ್ಲ ಮಸುಕಾದವು. ದಬ್ಬಳ ಕೆಳಗಿಟ್ಟು ಎದ್ದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಅವನು ಆಟೋದ ಬದಿಗೆ ನಿಂತಿದ್ದ.

"ನಾ ಅವತ್ತ ಕೇಳಬೇಕಿತ್ತು, ಯಾಕ ಅಂತ," ಎಂದಳು.

"ನಾನೂ ಅರ್ಧಾ ಹೇಳಿ ಹೋಗಬಾರದಿತ್ರಿ."

"ಹಂಗಾದ್ರ... ಡಾಕ್ಟರ್ ಏನ್ ಅನ್ನಬೇಕಿತ್ತು?"

ಅವನು ಆಟೋದ ಹಗ್ಗದ ಗಂಟು ಬಿಚ್ಚಿ, ಮತ್ತೆ ಕಟ್ಟಿದ.

"'ನಿನ್ನ ಬಾಳಿನಾಗ ನನಗೊಂದಿಷ್ಟು ಜಾಗ ಐತೇನು' ಅಂತ ಕೇಳಬೇಕಿತ್ರಿ."

"ಅವ ಕೇಳಲಿಲ್ಲ."

"ನಾ ಕೇಳಾಕತ್ತೀನ್ರಿ."

ಸುಕನ್ಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನನಗ ಭಾಳ ಹೆದರಿಕಿ ಆಗತೈತಿ. ಎಲ್ಲಾದಕ್ಕೂ. ನಾಳೆ ನಾ ಅಂದಿದ್ದು ನಿಮಗ ತಪ್ಪು ಅನಿಸಿದ್ರ?"

"ತಪ್ಪು ಅಂತ ಹೇಳ್ತೀನ್ರಿ. ನೀವು ನನ್ನ ಬೈರಿ. ಸುಮ್ಮನ ಮಾತ್ರ ಆಗಬ್ಯಾಡ್ರಿ. ಈ ನಾಲ್ಕು ದಿನ ನನಗ ಊಟ ಸೇರಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಆದಿತ್ವಾರ ಇರಕಲ್ಲಗಡದವರು ಬರ‍್ತಾರ."

"ನಾ ಬಂದು ನಿಮ್ಮ ಅವ್ವನ ಮುಂದ ಹೇಳ್ಲ್ಯಾ?"

"ಬ್ಯಾಡ್ರಿ. ಬರಬ್ಯಾಡ್ರಿ ಅಂತ ಅವರಿಗೆ ನಾನ ಹೇಳ್ತೀನಿ. ಅದು ನಾನ ಹೇಳಬೇಕಾದ ಮಾತು."

ಕಾಶಿನಾಥ ತಲೆಯಾಡಿಸಿದ. ಸುಕನ್ಯಾ ಬಾಗಿಲವರೆಗೆ ಹೋಗಿ, ತಿರುಗಿ ನಿಂತಳು.

"ಅವರು ಬರದಿದ್ರ ಆದಿತ್ವಾರ ನಮ್ಮ ಮನಿಯಾಗ ಯಾರೂ ಇರಂಗಿಲ್ಲ... ಅವ್ವ, ನಾನು, ಅಷ್ಟ."

"ಅಂದ್ರ...?"

"ನಿಮ್ಮ ಅವ್ವನ್ನ ಕರಕೊಂಡು ಬರ‍್ರಿ."