ಹದಿನೇಳನೆಯವನ ಎದುರಿನ ಸಾಲು

ಶನಿವಾರ ಬೆಳಗ್ಗೆ ಏಳಕ್ಕೆ ಓರೆಸ್ಟ್ ಬಾಬಿಯಾಕ್‌ನ ಫೋನ್ ಬಂತು.

"ಲೈಲ್, ನನ್ನ ಪಟ್ಟೀಲಿ ಯಾರೋ ವಿಷ ಹಾಕಿದಾರೆ ಕಣೋ! ಐರಿಸ್‌ನ ಕರ್ಕೊಂಡು ಬಾ."

ನಾನು ಊರಿನ ಐಸ್ ಹಾಕಿ ಅಂಗಳದಲ್ಲಿ ಮಂಜುಗಡ್ಡೆ ನಯ ಮಾಡುವ ಗಾಡಿ ಓಡಿಸುವವನು, ನಲವತ್ತು ವರ್ಷದಿಂದ. ಪಕ್ಕದ ಮನೆಯ ಐರಿಸ್ ಬೊಡ್ನಾರ್ ನಿವೃತ್ತ ಪೊಲೀಸ್. ಇನ್ನು ಓರೆಸ್ಟ್? ಪ್ರತಿ ಜೂನ್‌ನಲ್ಲಿ ದೊಡ್ಡ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವಲ್ಲ, ಯಾರು ಯಾವ ತಂಡಕ್ಕೆ ಎಂದು ಮುಂಚೆಯೇ ಪಟ್ಟಿ ಕೊಡುವವನು. ಇಡೀ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಅವನಷ್ಟು ಸರಿಯಾಗಿ ಹೇಳಿದವರಿಲ್ಲ. ಆರಿಸುವವರೇ ಕದ್ದು ಓದುತ್ತಾರೆ.

ಶುಕ್ರವಾರ ಮೊದಲ ಸುತ್ತು. ಹದಿನೇಳನೇ ನಂಬರಿನ ಜರ್ಸಿ ತೊಡುವ ನಮ್ಮೂರ ಕೋಲ್ಬಿ ಫ್ರೀಸನ್ ಹತ್ತೊಂಬತ್ತನೆಯವನಾಗಿ ಹೋಗುತ್ತಾನೆಂದು ಊರೆಲ್ಲ ಟಿವಿ ಮುಂದೆ ಕೂತಿತ್ತು. ಮೂವತ್ತೆರಡು ಹೆಸರು ಕೂಗಿದರು. ಅವನದಿಲ್ಲ. ಯಾಕೆ? ಓರೆಸ್ಟ್‌ನ ಪಟ್ಟಿಯಲ್ಲಿ ಅವನ ಎದುರು ಒಂದು ಸಾಲು — "ನಂಬರ್ 17. ಎಡಗೈ ಆಟಗಾರ. ಮೂರನೇ ಅವಧಿಯಲ್ಲಿ ಏದುಸಿರು, ಎದೆ ಹಿಡಿದುಕೊಳ್ಳುತ್ತಾನೆ. ಹೃದಯ ಪರೀಕ್ಷೆ ಮಾಡಿಸದೆ ಆಡಿಸಬೇಡಿ."

ಹೃದಯದ ಮಾತು ಬಂದಮೇಲೆ ಯಾವ ತಂಡ ಮುಟ್ಟೀತು? ಉಳಿದ ಸುತ್ತುಗಳು ಒಂಬತ್ತಕ್ಕೆ ಶುರು. ಇವತ್ತೂ ತಪ್ಪಿದರೆ ಹುಡುಗನ ಈ ವರ್ಷ ಹೋದಂತೆಯೇ.

ಓರೆಸ್ಟ್‌ನ ಅಡುಗೆಮನೆ ಮೇಜಿನ ಮೇಲೆ, ಅವನು ಆಟ ನೋಡುತ್ತ ಬರೆಯುವ ಟಿಪ್ಪಣಿ ಪುಸ್ತಕ ತೆರೆದಿತ್ತು; ಅದರಲ್ಲೂ ಅದೇ ಸಾಲು.

"ಅಕ್ಷರ ನಿಮ್ಮದೇ ಅಲ್ವಾ?" ಐರಿಸ್ ಕೇಳಿದಳು.

"ನನ್ನ ತರಾನೇ ಬರ್ದಿದಾನೆ ಕಳ್ಳ! ಆ ಹುಡುಗ ಕುದುರೆ ಇದ್ದಂಗಿದಾನೆ, ನಾನ್ಯಾಕೆ ಹಂಗೆ ಬರೀಲಿ?"

"ಪುಸ್ತಕ ಯಾರು ಮುಟ್ಟಿದ್ರು?"

"ಡುಶಾರ್ಮ್! ಮಂಗಳವಾರ ಬಂದು ಹನ್ನೆರಡು ಪೆರೋಗಿ ಕಡುಬು ನುಂಗಿ ಹೋದ. ಅವನೂ ಪಟ್ಟಿ ಬರೀತಾನೆ, ಪ್ರತಿ ವರ್ಷ ನನ್ನ ಮುಂದೆ ಮಣ್ಣು ಮುಕ್ತಾನೆ."

ಆ ಪೆರೋಗಿ ಮಾಡಿದ್ದ ಓರೆಸ್ಟ್‌ನ ಹೆಂಡತಿ ಹಾನ್ಯಾ ಒಲೆ ಕಡೆ ಮುಖ ಮಾಡಿ ನಿಂತಿದ್ದಳು. ಪಟ್ಟಿಯನ್ನು ಟೈಪ್ ಮಾಡಿ ಕಳಿಸುವವಳೂ ಅವಳೇ.

ಐರಿಸ್ ಡುಶಾರ್ಮ್‌ಗೆ ಫೋನ್ ಮಾಡಿದಳು. ಅವನ ಕೂಗು ನನಗೂ ಕೇಳಿಸಿತು. "ನನ್ನ ಪಟ್ಟೀಲೂ ಅವನು ಹದಿನೆಂಟನೆಯವನು! ನಂದೂ ಹುಸಿ ಹೋಯ್ತು. ನನ್ನ ಕಾಲ್ಮೇಲೆ ನಾನೇ ಕಲ್ಲು ಹಾಕ್ಕೊಳ್ತೀನಾ?"

ಅವಳು ಫೋನಿಟ್ಟು ಪುಟ ತಿರುವಿದಳು. "ಲೈಲ್, ಬಾಕಿಯೆಲ್ಲ ಪೆನ್ಸಿಲ್ ಯಾಕೆ?"

"ಅಂಗಳದ ಚಳೀಲಿ ಪೆನ್ನು ಬರೆಯುತ್ತಾ ಮಾರಾಯ್ತಿ? ಶಾಯಿ ಗಟ್ಟಿಯಾಗುತ್ತೆ. ಆಟ ನೋಡಿ ಬರೆಯೋರೆಲ್ಲ ಪೆನ್ಸಿಲೇ ಇಟ್ಕೋತಾರೆ."

"ಈ ಸಾಲು ನೀಲಿ ಶಾಯಿ."

ನಾನು ಮೂರು ಸಲ ನೋಡಿದ್ದೆ. ಕಣ್ಣಿಗೇ ಬಿದ್ದಿರಲಿಲ್ಲ.

"ತಾರೀಕಿಲ್ಲ. ಎದುರಾಳಿ ಹೆಸರಿಲ್ಲ. ಕೋಲ್ಬಿ ಯಾವ ಕೈ?"

"ಬಲ."

"ಹಂಗಾದ್ರೆ ಎಡಗೈಲಿ ಆಡ್ತಿದ್ದ ಹದಿನೇಳು ಯಾರು?"

ನಾನು ಗೋಡೆ ಕಡೆ ತಿರುಗಿದೆ. ಅಲ್ಲೇ ಹದಿನೇಳನೇ ನಂಬರಿನ ಹಳೇ ಜರ್ಸಿ ನೇತಾಡುತ್ತಿತ್ತು. ತಾರಸ್, ಓರೆಸ್ಟ್‌ನ ಒಬ್ಬನೇ ಮಗ. ಮೂವತ್ತೊಂದು ವರ್ಷದ ಹಿಂದೆ ಅವನು ಎದೆ ಹಿಡಿದುಕೊಳ್ಳುವುದನ್ನು ಅಪ್ಪ ನೋಡಿದ್ದ. ಬರೆದರೆ ಯಾರೂ ಆರಿಸುವುದಿಲ್ಲವೆಂದು ಬರೆಯಲಿಲ್ಲ. ತಾರಸ್‌ನನ್ನು ಆರಿಸಿದರು. ಆ ತಂಡದ ಜರ್ಸಿ ತೊಡುವ ಮೊದಲೇ ಅವನು ನಮ್ಮ ಅಂಗಳದಲ್ಲಿ ಬಿದ್ದ, ಮತ್ತೆ ಏಳಲಿಲ್ಲ. ಬಾಗಿಲಲ್ಲಿ ಗಾಡಿ ಹಿಡಿದು ನಿಂತಿದ್ದವನು ನಾನು.

ಐರಿಸ್ ದನಿ ತಗ್ಗಿಸಿದಳು. "ಇದನ್ನ ಅಂಗಳದಲ್ಲಿ ಬರೆದಿಲ್ಲ. ಇದೇ ಮೇಜಿನ ಮೇಲೆ, ಬೆಚ್ಚಗಿನ ಮನೇಲಿ ಬರೆದಿದ್ದು. ಬರೆದೋರು ನೀವೇ, ಓರೆಸ್ಟ್. ಅವತ್ತು ಬರೀಬೇಕಿದ್ದನ್ನ ಮರೆವಿನಲ್ಲಿ ಈಗ ಬರೆದಿದೀರಿ."

"ಸುಳ್ಳು!" ಅವನು ತಿರುಗಿದ. "ಹಾನ್ಯಾ, ಹೇಳೇ!"

"ಟೈಪ್ ಮಾಡುವಾಗ್ಲೇ ನಂಗೆ ಗೊತ್ತಾಯ್ತು ರೀ," ಅವಳು ಅಳುತ್ತಿದ್ದಳು. "ಆ ಸಾಲನ್ನ ತೆಗೆದು ಹಾಕಿದ್ರೆ ಯಾಕೆ ಅಂತ ಕೇಳ್ತಿದ್ರಿ. ನಿಮಗೆ ಮರೆವು ಹತ್ತಿದೆ ಅಂತ ಹೇಳೋಕೆ ಬಾಯೇ ಬರ್ಲಿಲ್ಲ. ಹಂಗೇ ಕಳಿಸಿಬಿಟ್ಟೆ."

ಗಡಿಯಾರದಲ್ಲಿ ಎಂಟೂಕಾಲು. ಓರೆಸ್ಟ್ ಆ ನೀಲಿ ಸಾಲನ್ನು ಮತ್ತೊಮ್ಮೆ ಓದಿ ಪುಸ್ತಕ ಮುಚ್ಚಿದ. ಆಮೇಲೆ ಫೋನಿಗೆ ಕೈ ಚಾಚಿದ.

"ಬಾಬಿಯಾಕ್ ಮಾತಾಡ್ತಿರೋದು. ಕೋಲ್ಬಿ ಹೃದಯಕ್ಕೆ ಏನೂ ಆಗಿಲ್ಲ, ನನ್ನ ತಲೆ ಕೆಟ್ಟಿದೆ. ಇನ್ಮೇಲೆ ನನ್ನ ಪಟ್ಟಿ ಓದ್ಬೇಡಿ."

ಹಾನ್ಯಾ ನಂಬರ್ ಒತ್ತುತ್ತ ಹೋದಳು. ಹನ್ನೊಂದು ತಂಡಗಳಿಗೆ ಅವನು ಅದನ್ನೇ ಹೇಳಿದ. ಒಂದು ಜನ್ಮದ ಹೆಸರನ್ನು ತನ್ನ ಕೈಯಾರೆ ಅಳಿಸುತ್ತಿದ್ದ. ನೋಡಲಾರದೆ ಹೊರಗೆ ಹೋಗಿ ಅತ್ತುಬಿಟ್ಟೆ.

ಐದನೇ ಸುತ್ತಿನಲ್ಲಿ ಕೋಲ್ಬಿಯ ಹೆಸರು ಬಂತು. ಟಿವಿ ತುಂಬ ಹದಿನೇಳನೇ ನಂಬರಿನ ಜರ್ಸಿ.

ಓರೆಸ್ಟ್ ಕುರ್ಚಿಯಿಂದ ಎದ್ದ. "ಹಾನ್ಯಾ! ನಮ್ಮ ತಾರಸ್‌ನ ಆರಿಸಿದ್ರು ಕಣೇ!"

ಅವನು ಹೆಂಡತಿಯ ಕೈ ಹಿಡಿದು ಪಿಸುಗುಟ್ಟಿದ — "ತಂಡದವರಿಗೆ ಫೋನ್ ಮಾಡು. ಎದೆ ವಿಷಯ ಹೇಳಿಬಿಡೋಣ. ಹುಡುಗ ನನ್ನ ಬೈದ್ರೆ ಬೈಲಿ."

ಹಾನ್ಯಾ ಯಾವ ನಂಬರನ್ನೂ ಒತ್ತದೆ ಫೋನನ್ನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು.

"ಹೇಳಿದೆ ರೀ," ಅಂದಳು. "ಡಾಕ್ಟರಿಗೆ ತೋರಿಸ್ತಾರಂತೆ."